ಗೇಜ್ ತನ್ನ ಜಾಗದಲ್ಲಿ ಕೂರದೆ ಮೂಲೆಗೆ ಸರಿಯುವುದೇಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡ ಬಗೆ ಹೀಗಿದೆ: ವಿಮಾನ ಹಾರಿಸುವ ಕಂಪ್ಯೂಟರ್ ಸಿಮ್ಯುಲೇಟರ್ ಆದ ಎಫ್‌ಎಸ್‌ಎಕ್ಸ್‌ನ ಹಳೆಯ ವಿಮಾನವೊಂದಕ್ಕೆ 1024×768 ಪಿಕ್ಸೆಲ್‌ನ ಹೊಸ ಪ್ಯಾನಲ್ ಚಿತ್ರ, ಅಂದರೆ ಚಾಲಕನ ಮುಂದಿನ ಫಲಕದ ಚಿತ್ರ ಬರೆದಿದ್ದೀರಿ. ಎತ್ತರ ತೋರುವ ಗೇಜ್ (ಮಾಪಕ) ಆದ ಆಲ್ಟಿಮೀಟರ್‌ಗೆಂದು ಬಿಟ್ಟ ದುಂಡು ಜಾಗವನ್ನು ಪೇಂಟ್‌ನಲ್ಲಿ ಅಳೆದು, 480, 320, 160, 160 (ಎಡದಿಂದ ದೂರ, ಮೇಲಿನಿಂದ ದೂರ, ಅಗಲ, ಎತ್ತರ) ಎಂದು, ಗೇಜ್‌ಗಳ ಜಾಗ ಹೇಳುವ ಪ್ಯಾನಲ್.ಸಿಎಫ್‌ಜಿ ಫೈಲಿನಲ್ಲಿ ಬರೆದಿದ್ದೀರಿ. ಆದರೆ ಗೇಜ್ ಬಲಗಡೆಯ ಕೆಳಮೂಲೆಗೆ ಹೋಗಿ, ಬೇಕಾದುದಕ್ಕಿಂತ ದೊಡ್ಡದಾಗಿ ಕೂತಿದೆ.

ನೀವು ಹಾಕಿರುವ ಫೈಲಿನಲ್ಲಿ ಸೈಜ್_ಎಂಎಂ=640 ಎಂಬ ಹಳೆಯ ಸಾಲು ಹಾಗೆಯೇ ಉಳಿದಿದೆ. ತೊಡಕೆಲ್ಲ ಆ ಸಾಲಿನದು. ಹೆಸರಿನಲ್ಲಿ ಮಿಲಿಮೀಟರ್ ಇದ್ದರೂ ಅದು ನಿಜವಾದ ಮಿಲಿಮೀಟರ್ ಅಲ್ಲ. ಪ್ಯಾನಲ್‌ನ ಪೂರ್ತಿ ಅಗಲವನ್ನು ಎಷ್ಟು ಭಾಗ ಮಾಡಿ ಎಣಿಸಬೇಕು ಎಂಬುದನ್ನಷ್ಟೇ ಅದು ಸಿಮ್ಯುಲೇಟರ್‌ಗೆ ಹೇಳುತ್ತದೆ. ನಿಮ್ಮ ಚಿತ್ರ 1024 ಪಿಕ್ಸೆಲ್ ಅಗಲವಿದ್ದರೂ ಎಣಿಕೆ 640ರಲ್ಲೇ ನಡೆಯುವುದರಿಂದ, ನೀವು ಬರೆದ ಪ್ರತಿ ಅಂಕಿಯೂ ಪರದೆಯ ಮೇಲೆ 1.6 ಪಟ್ಟು ಹಿಗ್ಗುತ್ತದೆ. 480 ಎಂಬುದು 768 ಆಗುತ್ತದೆ, 320 ಎಂಬುದು 512 ಆಗುತ್ತದೆ, 160ರ ಗೇಜ್ 256 ಆಗುತ್ತದೆ. 768ಕ್ಕೆ 256 ಕೂಡಿಸಿದರೆ 1024, 512ಕ್ಕೆ 256 ಕೂಡಿಸಿದರೆ 768. ಗೇಜ್ ಕರಾರುವಾಕ್ಕಾಗಿ ಕೆಳಮೂಲೆಗೇ ತಾಗಿ ನಿಂತಿರುವುದು ಈ ಕಾರಣಕ್ಕೆ. ನಿಮ್ಮ ಅಂಕಿಗಳನ್ನು 0.625ರಿಂದ ಗುಣಿಸಿ 300, 200, 100, 100 ಎಂದು ಬರೆದರೆ ಅದು ತನ್ನ ಜಾಗಕ್ಕೆ ಬರುತ್ತದೆ. ಸೈಜ್_ಎಂಎಂ ಅನ್ನೇ 1024 ಎಂದು ತಿದ್ದಲು ಹೋಗಬೇಡಿ. ಈಗಾಗಲೇ ಸರಿಯಾಗಿ ಕೂತಿರುವ ಉಳಿದ ಗೇಜ್‌ಗಳೆಲ್ಲ ಕುಗ್ಗಿ ಎಡಮೇಲ್ಮೂಲೆಯ ಕಡೆಗೆ ಸರಿದುಬಿಡುತ್ತವೆ. ಹೊಸ ಪ್ಯಾನಲ್ ಅನ್ನು ಮೊದಲಿನಿಂದ ಕಟ್ಟುವುದಾದರೆ ಮಾತ್ರ ಆ ಸಾಲನ್ನು 1024,768 ಎಂದು ಇಟ್ಟುಕೊಳ್ಳಿ, ಆಗ ಪಿಕ್ಸೆಲ್ ಅಳತೆಯನ್ನು ಹಾಗೆಯೇ ಬರೆಯಬಹುದು.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪ್‌ನಲ್ಲಿ ಜಾಬ್‌ಗಳ ಮೇಲೆ ಮಾರ್ಕಿಂಗ್ ಮಾಡುವವನು, ಅಂದರೆ ಲೋಹದ ತುಂಡುಗಳ ಮೇಲೆ ಅಳತೆಯ ಗುರುತು ಹಾಕುವವನು. ಒಂದು ಪ್ಲೇಟಿನಲ್ಲಿ ಆರು ತೂತು ಬೇಕಿದ್ದರೆ ಮೊದಲ ತೂತಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ನಾವು ಅಳೆಯುವುದಿಲ್ಲ, ಏಕೆಂದರೆ ಕೂದಲೆಳೆಯಷ್ಟು ತಪ್ಪೂ ಸಾಲಿನುದ್ದಕ್ಕೂ ಬೆಳೆಯುತ್ತ ಹೋಗುತ್ತದೆ. ಎಲ್ಲ ಅಳತೆಯೂ ಒಂದೇ ಡೇಟಮ್ (ಅಳತೆ ಶುರುವಾಗುವ) ಅಂಚಿನಿಂದ ಹೊರಡಬೇಕು. ಪ್ಯಾನಲ್‌ನಲ್ಲಿ ಆ ಡೇಟಮ್ ಎಂದರೆ ಎಡಮೇಲ್ಮೂಲೆ: ಮೊದಲ ಅಂಕಿ ಅಲ್ಲಿಂದ ಬಲಕ್ಕೆ, ಎರಡನೆಯದು ಅಲ್ಲಿಂದ ಕೆಳಕ್ಕೆ. ಪಕ್ಕದ ಗೇಜ್ ನೋಡಿ ಅಂದಾಜಿನಲ್ಲಿ ಸರಿಸುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಇನ್ನೊಂದು ಸೂಕ್ಷ್ಮವಿದೆ, ಆಲ್ಟಿಮೀಟರ್ ಕೂರಿಸುವವರು ಹೆಚ್ಚಾಗಿ ಇಲ್ಲಿಯೇ ಸೋಲುತ್ತಾರೆ. ಫೈಲಿನಲ್ಲಿ ಬರೆಯುವ ಅಂಕಿಗಳು ಗೇಜ್ ಚಿತ್ರದ ಆಯತಕ್ಕೆ ಸೇರಿದವು, ಡಯಲ್‌ನ ವೃತ್ತಕ್ಕಲ್ಲ. ಗಾಳಿಯ ಒತ್ತಡ ಹೊಂದಿಸುವ ಗುಬುಟು ಕೆಳಗೆ ಚಾಚಿಕೊಂಡಿರುವ ಗೇಜ್‌ನಲ್ಲಿ ಆಯತದ ಮಧ್ಯವೂ ಡಯಲ್‌ನ ಮಧ್ಯವೂ ಒಂದೇ ಆಗಿರುವುದಿಲ್ಲ. ಗೇಜ್‌ನ ಮೂಲ ಚಿತ್ರ 200 ಅಗಲ, 220 ಎತ್ತರವಿದ್ದು ಡಯಲ್‌ನ ಮಧ್ಯಬಿಂದು 100, 100ರಲ್ಲಿದೆ ಎಂದುಕೊಳ್ಳಿ. ಅದಕ್ಕೆ 100, 100 ಎಂಬ ಚೌಕ ಕೊಟ್ಟರೆ ದುಂಡು ಡಯಲ್ ಮೇಲಿನಿಂದ ಒತ್ತಿದಂತೆ ಚಪ್ಪಟೆಯಾಗುತ್ತದೆ. ಎತ್ತರದ ಅಂಕಿಯನ್ನು ಬಿಟ್ಟು ಅಗಲವನ್ನಷ್ಟೇ ಬರೆಯಿರಿ, ಎತ್ತರ ಅದೇ ಪ್ರಮಾಣದಲ್ಲಿ ತಾನಾಗಿ ಬರುತ್ತದೆ. ಆಮೇಲೆ ಮೂಲೆಯಿಂದ ಡಯಲ್‌ನ ಮಧ್ಯಕ್ಕಿರುವ ದೂರವನ್ನು ಅದೇ ಪ್ರಮಾಣಕ್ಕೆ ಇಳಿಸಿ, ಪ್ಯಾನಲ್‌ನ ದುಂಡು ಜಾಗದ ಮಧ್ಯಬಿಂದುವಿನಿಂದ ಕಳೆಯಿರಿ. ಇಲ್ಲಿ 350, 250ರಿಂದ 50, 50 ಕಳೆದರೆ 300, 200 ಸಿಗುತ್ತದೆ.

ಗೇಜ್ ಕಾಣಿಸದೇ ಹೋದರೆ ಫೈಲಿನಲ್ಲಿ ಒಂದೇ ಕ್ರಮಸಂಖ್ಯೆಯನ್ನು ಎರಡು ಗೇಜ್‌ಗಳಿಗೆ ಕೊಟ್ಟಿದ್ದೀರಾ ನೋಡಿ. ಹೆಚ್ಚಿನ ಸಂಖ್ಯೆಯ ಗೇಜ್ ಕಡಿಮೆ ಸಂಖ್ಯೆಯದರ ಮೇಲೆ ಬರುತ್ತದೆ ಎಂಬುದೂ ನೆನಪಿರಲಿ. ಚಿತ್ರದ ಅಪ್ಪಟ ಕಪ್ಪು, ಅಂದರೆ ಕೆಂಪು, ಹಸಿರು, ನೀಲಿ ಮೂರೂ ಸೊನ್ನೆಯಾದ 0,0,0, ಪಾರದರ್ಶಕವಾಗುವುದರಿಂದ ಕಪ್ಪು ಬೇಕಾದ ಕಡೆ 1,1,1 ಬಳಸಿ. 1920×1080ರ ಪರದೆಯಲ್ಲಿ ಎಲ್ಲ ಗೇಜ್‌ಗಳೂ ಮೊಟ್ಟೆಯಾಕಾರ ತಾಳಿದರೆ ತಪ್ಪು ಗೇಜ್‌ನದಲ್ಲ, ಕಿಟಕಿಯದು. ಪರದೆಯ ಎತ್ತರವನ್ನೆಲ್ಲ ತುಂಬುವ ನಿಮ್ಮ ಪ್ಯಾನಲ್‌ಗೆ 1440 ಪಿಕ್ಸೆಲ್ ಅಗಲ ಸಾಕು, ಆದ್ದರಿಂದ ವಿಂಡೋ_ಸೈಜ್ ಅನ್ನು 0.75,1.0 ಮಾಡಿ, ಅಂದರೆ ಪರದೆಯ ಅಗಲದ ಮುಕ್ಕಾಲು, ಎತ್ತರ ಪೂರ್ತಿ.

ಯಾವ ಗೇಜ್ ಎಲ್ಲಿರಬೇಕು ಎಂದೂ ಕೇಳಿದ್ದೀರಿ. ಸೆಸ್ನಾದಂಥ ಸಣ್ಣ ವಿಮಾನವಾದರೆ ಮೇಲಿನ ಸಾಲಿನಲ್ಲಿ ವೇಗಮಾಪಕ, ಕೃತಕ ದಿಗಂತ, ಆಲ್ಟಿಮೀಟರ್. ಕೆಳಗೆ ತಿರುವು ತೋರುವ ಟರ್ನ್ ಕೋಆರ್ಡಿನೇಟರ್, ದಿಕ್ಕು ತೋರುವ ಗೇಜ್, ಏರಿಳಿತದ ವೇಗ ತೋರುವ ಗೇಜ್. ಸ್ಪಿಟ್‌ಫೈರ್ ಎಂಬ ಹಳೆಯ ಬ್ರಿಟಿಷ್ ಯುದ್ಧವಿಮಾನ ಕಟ್ಟುವುದಾದರೆ ಈ ಕ್ರಮ ಹಾಕಬೇಡಿ. ಬ್ರಿಟನ್ನಿನ ವಾಯುಪಡೆ 1937ರಲ್ಲಿ ಒಪ್ಪಿಕೊಂಡ ಆರು ಗೇಜ್‌ಗಳ ವ್ಯವಸ್ಥೆಯಲ್ಲಿ ಆಲ್ಟಿಮೀಟರ್ ಕೆಳಸಾಲಿನ ಎಡಕ್ಕಿತ್ತು, ಆ ವಿಮಾನಕ್ಕೆ ಅದೇ ಸರಿ.

ಪರೀಕ್ಷೆಗೆ ನಾನು ವಿಮಾನವನ್ನು ನಮ್ಮ ಸಾಂಬ್ರಾ ನಿಲ್ದಾಣದಲ್ಲಿ ನಿಲ್ಲಿಸುತ್ತೇನೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,500 ಅಡಿ. ಒತ್ತಡ ಸರಿಯಾಗಿ ಹೊಂದಿಸಿದ ಆಲ್ಟಿಮೀಟರ್‌ನ ನೂರು ಅಡಿಗಳನ್ನು ಎಣಿಸುವ ಉದ್ದ ಮುಳ್ಳು ಅಲ್ಲಿ 5ರ ಹತ್ತಿರ, ಹೆಚ್ಚುಕಡಿಮೆ ನೇರ ಕೆಳಗೆ ಇಳಿಬಿಟ್ಟ ದಾರದಂತೆ ನಿಲ್ಲುತ್ತದೆ. ಆ ಮುಳ್ಳಿನ ಎಡಕ್ಕೂ ಬಲಕ್ಕೂ ಪ್ಯಾನಲ್‌ನ ದುಂಡು ಅಂಚು ಸಮದೂರದಲ್ಲಿದೆಯೇ ಎಂದು ನೋಡಿ. ಒಂದು ಬದಿ ಹೆಚ್ಚಾಗಿ ಕಂಡರೆ ಆ ವ್ಯತ್ಯಾಸದ ಅರ್ಧದಷ್ಟನ್ನು ಮೊದಲ ಅಂಕಿಯಲ್ಲಿ ತಿದ್ದಿ, ವಿಮಾನವನ್ನು ಮತ್ತೆ ಲೋಡ್ ಮಾಡಿ.