ಸಂದೇಶ ಸತ್ಯವಾದ ಮಾತ್ರಕ್ಕೆ ಹಾಡು ಉಳಿಯುವುದಿಲ್ಲ

ಮಾನ್ಯರೇ,

ವಂದನೆಗಳು. ಕುಂಬಳೆಯಿಂದ ನೀವು ಕಳುಹಿಸಿದ ‘ಜನಪ್ರಿಯ ಗೀತೆಗಳಲ್ಲಿ ರಾಜಕೀಯ’ ಎಂಬ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ಆದರೆ ಹಾಡುಗಳ ಕುರಿತ ಬರಹದಲ್ಲಿ ಒಂದು ಹಾಡಾದರೂ ಕಿವಿಗೆ ಕೇಳಿಸಬೇಕಿತ್ತು, ಅದು ಆಗಲಿಲ್ಲ. ಸಾಲುಸಾಲಾಗಿ ಗೀತೆಗಳ ಹೆಸರು ಹೇಳಿ, ಒಂದೊಂದರ ಸಂದೇಶವನ್ನು ಒಂದೊಂದು ವಾಕ್ಯದಲ್ಲಿ ಮುಗಿಸಿ, ಕೊನೆಗೆ ‘ಸಂದೇಶ ಸತ್ಯವಾಗಿದ್ದರೆ ಹಾಡು ಚಿರಕಾಲ ಉಳಿಯುತ್ತದೆ’ ಎಂದು ತೀರ್ಮಾನಿಸಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಚುನಾವಣೆಯ ಕಾಲದಲ್ಲಿ ಜೀಪಿಗೆ ಮೈಕ್ ಕಟ್ಟಿಕೊಂಡು ಬರುವ ಹಾಡುಗಳಲ್ಲಿ ಸತ್ಯ ಹೇಳುವಂಥವೂ ಇರುತ್ತವೆ. ಮತ ಎಣಿಕೆ ಮುಗಿದ ಮರುದಿನ ಅವು ಯಾರ ಬಾಯಲ್ಲೂ ಇರುವುದಿಲ್ಲ. ಮತ್ತೆ ಹಾಡಲೇಬೇಕಾದ ಅಗತ್ಯ ಯಾರಿಗಾದರೂ ಉಳಿದಿದ್ದರೆ, ಹಾಗೆ ಹಾಡುವವರಿಗೆ ಅದರೊಳಗೆ ಜಾಗವಿದ್ದರೆ, ಹಾಡು ಉಳಿಯುತ್ತದೆ. ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಹಾಡಿದರು ಎಂಬ ಪ್ರಶ್ನೆಯನ್ನು ನಿಮ್ಮ ಲೇಖನ ಕೇಳಿಯೇ ಇಲ್ಲ.

‘ವಿ ಶಲ್ ಓವರ್‌ಕಮ್’ ಗೀತೆಯನ್ನೇ ತೆಗೆದುಕೊಳ್ಳಿ. ‘ಅಮೆರಿಕದ ಕಪ್ಪು ಜನರ ಹೋರಾಟದ ಹಾಡು’ ಎಂದಷ್ಟೇ ಬರೆದು ನೀವು ಮುಂದೆ ಹೋಗಿದ್ದೀರಿ. ಅದರ ಬೇರು ಚರ್ಚಿನ ಭಕ್ತಿಗೀತೆಗಳಲ್ಲಿದೆ. 1945ರಲ್ಲಿ ಆರಂಭವಾದ ಚಾರ್ಲ್ಸ್‌ಟನ್ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕಾರ್ಮಿಕರು ಅದನ್ನು ಹಾಡಿದರು. ಅಲ್ಲಿಂದ ಅದು ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಗೆ ಬಂತು. 1959ರಲ್ಲಿ ಪೊಲೀಸರು ಆ ಶಾಲೆಗೆ ನುಗ್ಗಿದ ರಾತ್ರಿ, ಕತ್ತಲಲ್ಲಿ ಕುಳಿತಿದ್ದ ಎಳೆಯರು ‘ನಮಗೆ ಭಯವಿಲ್ಲ’ ಎಂಬ ನುಡಿಯನ್ನು ಅದಕ್ಕೆ ಸೇರಿಸಿದರು. ಒಂದು ಸಾಲನ್ನು ಬದಲಿಸಿದರೆ ಇಡೀ ನುಡಿ ಹೊಸದಾಗುವಂಥ ಸರಳ ಕಟ್ಟು ಇಲ್ಲದಿದ್ದರೆ ಆ ರಾತ್ರಿ ಅದು ಸಾಧ್ಯವಾಗುತ್ತಿರಲಿಲ್ಲ. ಸಾಹಿತ್ಯ ಬಾಯಿಪಾಠವಿಲ್ಲದವರೂ ಎರಡನೆಯ ಆವರ್ತಕ್ಕೆ ದನಿಗೂಡಿಸಬಲ್ಲರು. ಸಂದೇಶದಷ್ಟೇ ಗಮನವನ್ನು ಈ ಕಟ್ಟಿಗೂ ನೀವು ಕೊಡಬೇಕಿತ್ತು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಕಾಸರಗೋಡಿನಲ್ಲಿ ಕುಳಿತು ಬರೆಯುವ ನೀವು ಕಾಸರಗೋಡನ್ನೇ ಕೈಬಿಟ್ಟಿದ್ದೀರಿ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲ್ಪಟ್ಟಾಗ ಅದು ಒಂದು ರಾಜಕೀಯ ಬೇಡಿಕೆಯಾಗಿತ್ತು. 1956ರ ನವೆಂಬರ್ 1ರಂದು ರಾಜ್ಯ ರೂಪುಗೊಂಡ ಮೇಲೆ ಗಡಿಯಾಚೆ ಅದು ಸಭೆ ಸಮಾರಂಭಗಳ ಪ್ರಾರ್ಥನೆಯಾಯಿತು. ಅದೇ ದಿನ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಇಲ್ಲಿನ ಶಾಲೆಗಳಲ್ಲಿ ನವೆಂಬರ್ 1 ಎಂದರೆ ಕೇರಳಪ್ಪಿರವಿ, ಕೇರಳ ರಾಜ್ಯ ಹುಟ್ಟಿದ ದಿನ. ಹೀಗಾಗಿ ಅಲ್ಲಿ ಈಡೇರಿದ ಹಾರೈಕೆಯಾಗಿ ಕೇಳಿಸುವ ಗೀತೆ, ಒಂದಕ್ಷರವೂ ಬದಲಾಗದೆ, ಇಲ್ಲಿ ಇನ್ನೂ ಬಗೆಹರಿಯದ ಅಹವಾಲಾಗಿ ಕೇಳಿಸುತ್ತದೆ. ಇಷ್ಟು ಹತ್ತಿರದ ಸಾಕ್ಷ್ಯವನ್ನು ಬಿಟ್ಟು ನೀವು ಅಟ್ಲಾಂಟಿಕ್ ದಾಟಿ ಹೋಗಿದ್ದೇಕೆ?

ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ಎಂಬ ಕರೆಯನ್ನೂ ನೀವು ಪ್ರಸ್ತಾಪಿಸಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು, ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ವರದಿಯ ಒಂದು ವಾಕ್ಯವನ್ನೂ ನಮ್ಮಲ್ಲಿ ಯಾರೂ ಬಾಯಿಂದ ಹೇಳಲಾರರು. ಕಯ್ಯಾರರ ಸಾಲನ್ನು ಹೇಳಬಲ್ಲವರು ಈಗಲೂ ಇದ್ದಾರೆ, ಏಕೆಂದರೆ ಅದು ನೆರೆಮನೆಯವರನ್ನು ಕೂಗಿ ಕರೆಯುವ ಮಾತಿನ ಲಯದಲ್ಲಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದರು. ಆಗಲೂ ಆ ಕರೆಗೆ ಹೊಸ ಅರ್ಥ ಹುಡುಕಬೇಕಾಗಿ ಬರಲಿಲ್ಲ.

ಮಲಯಾಳವೂ ನಿಮ್ಮ ಕಿವಿಗೆ ಬಿದ್ದೇ ಬೀಳುವ ಭಾಷೆ. 1952ರಲ್ಲಿ ಕೇರಳದ ಎಡಪಂಥೀಯ ನಾಟಕ ತಂಡ ಕೆಪಿಎಸಿ ಆಡಿದ ‘ನಿಙ್ಙಳೆನ್ನೆ ಕಮ್ಯೂನಿಸ್ಟಾಕ್ಕಿ’ (ನೀವು ನನ್ನನ್ನು ಕಮ್ಯೂನಿಸ್ಟನನ್ನಾಗಿ ಮಾಡಿದಿರಿ) ನಾಟಕದ ‘ಪೊನ್ನರಿವಾಳಂಬಿಳಿಯಿಲ್’ ಹಾಡನ್ನು ನೀವು ಕೇಳಿರಲೇಬೇಕು. ಓ.ಎನ್.ವಿ. ಕುರುಪ್ಪರು ಬರೆದು ದೇವರಾಜನ್ ರಾಗ ಹಾಕಿದ ಅದು ಮೇಲ್ನೋಟಕ್ಕೆ ಪ್ರೇಮಗೀತೆ. ಚಂದ್ರ ಅಲ್ಲಿ ಹೊನ್ನಿನ ಕುಡುಗೋಲಾಗಿದ್ದಾನೆ. ಕಮ್ಯೂನಿಸ್ಟ್ ಪಕ್ಷದ ಕುಡುಗೋಲಿನ ಚಿಹ್ನೆ ಗೊತ್ತಿದ್ದವರಿಗೆ ಅದು ಕಾಣುತ್ತದೆ, ಗೊತ್ತಿಲ್ಲದವರಿಗೆ ಬೆಳದಿಂಗಳು ಸಾಕು. ಎಷ್ಟೋ ಘೋಷಣೆಗೀತೆಗಳು ಮೂಲೆ ಸೇರಿದ ಮೇಲೂ ಗಾನಮೇಳಗಳಲ್ಲಿ ಅದು ಕೇಳಿಬರುತ್ತಿರುವುದು ಆಕಸ್ಮಿಕವಲ್ಲ.

‘ಇಸವಿ, ಘಟನೆಗಳನ್ನು ಹೆಸರಿಸಿದರೆ ಹಾಡು ಬೇಗ ಹಳತಾಗುತ್ತದೆ’ ಎಂದು ನೀವು ನಡುವೆ ಒಂದು ಸೂತ್ರ ಹೇಳಿದ್ದೀರಿ. ಸಿದ್ಧಲಿಂಗಯ್ಯನವರು ‘ನಲವತ್ತೇಳರ ಸ್ವಾತಂತ್ರ್ಯ’ ಎಂದು ಇಸವಿಯನ್ನೇ ಪಲ್ಲವಿಯಲ್ಲಿಟ್ಟರು. ಅದು ಹಳತಾಗಲಿಲ್ಲ, ಏಕೆಂದರೆ ಆ ಇಸವಿಯ ಸುತ್ತ ಇರುವುದು ಯಾರಿಗೆ ಬಂತು, ಎಲ್ಲಿಗೆ ಬಂತು ಎಂಬ ಪ್ರಶ್ನೆ, ಮತ್ತು ಪ್ರಶ್ನೆಗೆ ಉತ್ತರ ಸಿಗದವರೆಗೆ ಅದನ್ನು ಕೇಳುವವರು ಹುಟ್ಟುತ್ತಲೇ ಇರುತ್ತಾರೆ. ನಿಮ್ಮ ಸೂತ್ರವನ್ನು ಹೊಡೆದುಹಾಕಿ.

ಹಾಡು ಉಳಿದು ಸಂದೇಶ ಉದುರಿಹೋಗುವುದೂ ಉಂಟು. ಇದನ್ನು ನೀವು ಗಮನಿಸಿಲ್ಲ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1984ರಲ್ಲಿ ಹಾಡಿದ ‘ಬಾರ್ನ್ ಇನ್ ದ ಯುಎಸ್ಎ’ಯ ಚರಣಗಳಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದೆ ಅಲೆಯುವ ಸೈನಿಕನ ಸಂಕಟವಿದೆ. ಪಲ್ಲವಿ ಮಾತ್ರ ಮುಷ್ಟಿಯೆತ್ತಿ ಕೂಗುವಂತಿದೆ. ಬಹಳ ಮಂದಿ ಅದನ್ನಷ್ಟೇ ಕೇಳಿ ದೇಶಾಭಿಮಾನದ ಗೀತೆಯೆಂದುಕೊಂಡರು. ಜನ ಒಟ್ಟಾಗಿ ಹಾಡುವುದು ಪಲ್ಲವಿಯನ್ನು. ಕವಿ ಚರಣದಲ್ಲಿಟ್ಟ ತಿದ್ದುಪಡಿಯನ್ನು ಮೈದಾನ ಕೇಳಿಸಿಕೊಳ್ಳುವುದಿಲ್ಲ.

ನನ್ನ ವಾದಕ್ಕೂ ಅಪವಾದವಿದೆ, ಅದನ್ನು ನೀವೇ ಕೊಟ್ಟಿದ್ದೀರಿ. ಬಿಲ್ಲಿ ಹಾಲಿಡೇ 1939ರಲ್ಲಿ ಹಾಡಿದ ‘ಸ್ಟ್ರೇಂಜ್ ಫ್ರೂಟ್’, ಗುಂಪುಹಲ್ಲೆಯಲ್ಲಿ ಕೊಂದು ಮರಕ್ಕೆ ನೇತುಹಾಕಿದ ಕಪ್ಪು ಜನರ ಕುರಿತದ್ದು, ಯಾರೂ ಕೂಡಿ ಹಾಡುವಂಥದ್ದಲ್ಲ. ದನಿಗೂಡಿಸಲು ಅಲ್ಲಿ ಪಲ್ಲವಿಯೇ ಇಲ್ಲ, ಆದರೂ ಉಳಿದಿದೆ. ಒಬ್ಬಳೇ ಹಾಡಿ ಉಳಿದವರನ್ನು ಸುಮ್ಮನೆ ಕೂರಿಸುವ ಈ ಬಗೆಯ ಬಗ್ಗೆ ನೀವು ಬರೆದ ಅರ್ಧ ಪುಟವೇ ಇಡೀ ಲೇಖನದಲ್ಲಿ ನನಗೆ ಹಿಡಿಸಿದ ಭಾಗ.

ಆ ಅರ್ಧ ಪುಟವನ್ನು ಹಾಗೆಯೇ ಇಟ್ಟುಕೊಳ್ಳಿ. ಪೀಠಿಕೆಯೂ, ಸಂಗೀತದ ಮಹಿಮೆಯನ್ನು ಕೊಂಡಾಡುವ ಮೊದಲ ಪುಟವೂ ಬೇಡ. ಉಳಿದ ಹಾಡುಗಳಲ್ಲಿ ಮೂರನ್ನು ಆರಿಸಿಕೊಳ್ಳಿ, ಅವುಗಳಲ್ಲಿ ಒಂದಾದರೂ ನಮ್ಮ ಗಡಿಯದ್ದಾಗಿರಲಿ. ಬದಿಯಡ್ಕ, ಮಂಜೇಶ್ವರದ ಕಡೆ ಹಳೆಯ ಕನ್ನಡ ಅಧ್ಯಾಪಕರನ್ನು ಕಂಡು, ಅವರು ಯಾವ ಮೆರವಣಿಗೆಯಲ್ಲಿ ಯಾವುದನ್ನು ಹಾಡಿದರು, ಎಲ್ಲಿ ಸಾಲು ಬದಲಿಸಿದರು ಎಂದು ಕೇಳಿ ಬರೆದುಕೊಳ್ಳಿ. ತಿದ್ದಿದ ಪ್ರತಿ ಸಾವಿರ ಪದ ಮೀರದಂತಿರಲಿ. ಬಂದ ಮೇಲೆ ನಾನೇ ಓದುತ್ತೇನೆ.

ಇತಿ,
ಸಂಪಾದಕ
ಕಾಸರಗೋಡು