ಮಗನ ಮೇಲೆ ಕೇಸ್ ಹಾಕು ಅಂತೀಯಲ್ಲವ್ವ

(ಹೆಸ್ರು, ಊರು, ಒಂದೆರಡು ವಿವರ ಬದಲಾಯ್ಸಿದೀನಿ.)

ಮೈಸೂರು ಕಡೆಯ ಒಂದು ಟೌನು. ದೇವಸ್ಥಾನದ ಜಗಲಿ ಮೇಲೆ ಎರಡು ತಿಂಗ್ಳಿಂದ ಒಬ್ರು ಅಜ್ಜಿ ಮಲಗ್ತಿದಾರೆ ಅಂತ ಎದುರುಗಡೆ ಹೂವಿನ ಅಂಗ್ಡಿಯಾಕೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದ್ರು, ಅಲ್ಲಿಂದ ಕೇಸ್ ನನ್ನ ಹತ್ರ ಬಂತು. ಶಿವಮ್ಮ ಅಂತಿಟ್ಕೊಳ್ಳಿ, 71 ವರ್ಷ. ಹತ್ರ ಇದ್ದಿದ್ದು ಒಂದು ವೈರ್ ಬ್ಯಾಗು, ಅದ್ರಲ್ಲಿ ಎರಡು ಸೀರೆ, ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ಪು (ಮೆಡಿಕಲ್‌ನಲ್ಲಿ ತೋರ್ಸೋಕೆ), ಆಸ್ತಿನ ಮಗನಿಗೆ ಬರ್ಕೊಟ್ಟಿದ್ದ ದಾನಪತ್ರದ ಜೆರಾಕ್ಸು, ಹಾಲಿನ ಕವರಲ್ಲಿ ಸುತ್ತಿದ್ದು. ಯಾರಾದ್ರೂ ಕೇಳಿದ್ರೆ "ಹರಕೆ ಐತೆ, ಅದ್ಕೆ ಇಲ್ಲೇ ಮನಿಕ್ಕತೀನಿ" ಅನ್ನೋರು.

ಮೊದ್ಲು ತಪ್ಪು ಮಾಡಿದ್ದು ನಾನೇ. ಅವಸರಕ್ಕೆ ಬಿದ್ದು ಸಿಟಿಯ ಆಶ್ರಯ ಕೇಂದ್ರಕ್ಕೆ ಸೇರ್ಸಿದೆ, ಮೂರನೇ ದಿನ ಆಧಾರ್ ತೋರ್ಸಿ ಫ್ರೀ ಬಸ್ಸಲ್ಲಿ ವಾಪಸ್ ಬಂದು ಅದೇ ಜಗಲಿ ಮೇಲೆ ಕೂತಿದ್ರು. "ಅಲ್ಲಿ ಕುಂತು ಏನ್ ಮಾಡ್ಲವ್ವ, ಇಲ್ಲಿ ನಾಕು ಮಾರು ಹೂವ ಕಟ್ಟಿದ್ರೆ ಕಾಸಾದ್ರೂ ಬತ್ತದೆ." ಸರಿ ಅನ್ನಿಸ್ತು.

ಆಮೇಲೆ ಕೂತ್ಕೊಂಡು ದಾನಪತ್ರ ಓದ್ದೆ, ಮೂರನೇ ಪುಟದಲ್ಲಿ "ನನ್ನ ಜೀವಿತಾವಧಿಯವರೆಗೆ ಪಾಲನೆ ಪೋಷಣೆ ಮಾಡತಕ್ಕದ್ದು" ಅಂತ ಒಂದು ಸಾಲು ಸಿಕ್ತು, ಅಜ್ಜಿಗೆ ಅದು ಗೊತ್ತೇ ಇರ್ಲಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಇಂಥ ಷರತ್ತು ಮುರಿದ್ರೆ ಆ ಪತ್ರ ರದ್ದು ಮಾಡಿ ಅಂತ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಲ್ಲೇ ಅರ್ಜಿ ಹಾಕ್ಬೋದು, ಸಿವಿಲ್ ಕೋರ್ಟಿಗೆ ಅಲಿಬೇಕಿಲ್ಲ. ಷರತ್ತೇ ಬರ್ದಿಲ್ಲ ಅಂದ್ರೆ ಕಷ್ಟ, ಆಗ್ಲೂ ಮಕ್ಕಳಿಂದ ಜೀವನಾಂಶ ಕೇಳೋ ಹಕ್ಕು ಬೇರೆ ಇದ್ದೇ ಇದೆ, ಅದಕ್ಕೆ ದಾನಪತ್ರನೇ ಬೇಕಿಲ್ಲ.

ಕಾನೂನೇನೋ ಸಲೀಸು, ಅಜ್ಜಿ ಒಪ್ಬೇಕಲ್ಲ! "ಹೆತ್ತ ಮಗನ ಮೇಲೆ ಕೇಸ್ ಹಾಕು ಅಂತೀಯಲ್ಲವ್ವ" ಅಂತ ಮೂರು ವಾರ ಅರ್ಜಿಗೆ ಹೆಬ್ಬೆಟ್ಟು ಒತ್ಲಿಲ್ಲ, ನಾನೂ ಒತ್ತಾಯ ಮಾಡ್ಲಿಲ್ಲ, ಬರೀ ಇಷ್ಟು ಹೇಳ್ದೆ: ಜೈಲಿಗೆ ಹಾಕ್ಸೋಕಲ್ಲ ಅಜ್ಜಿ, ಮಗ ಒಪ್ಕೊಂಡಿದ್ದ ಮಾತು ನಡೆಸ್ಲಿ ಅಂತ ಕೇಳೋದು.

ಬೀದಿಯವ್ರಿಗೂ ಒಂದಷ್ಟು ಹೇಳ್ದೆ. ದಿನಾ ಇಡ್ಲಿ ಕೊಡೋದು ಒಳ್ಳೇದೇ, ಆದ್ರೆ ಅವ್ರಿಗೆ ಬೇಕಿರೋದು ಅದೇ ಬೀದೀಲಿ ಚಿಲಕ ಇರೋ ಒಂದು ಬಾಗ್ಲು. ಹೂವಿನ ಅಂಗ್ಡಿ ಹಿಂದಿನ ಸ್ಟೋರ್ ರೂಮ್ ಖಾಲಿ ಮಾಡಿದ್ರು, ಬಾಡಿಗೇನ ಏಳು ಮನೆಯವ್ರು ಹಂಚ್ಕೊಂಡ್ರು, ಸ್ನಾನಕ್ಕೆ ಪಕ್ಕದ ಮನೆ. ಸಂಧ್ಯಾ ಸುರಕ್ಷಾ (ಸರ್ಕಾರದ ವೃದ್ಧಾಪ್ಯ ಪಿಂಚಣಿ) ದುಡ್ಡು ತಿಂಗಳಿಗೆ 1200 ಬರ್ತಾನೇ ಇತ್ತು, ಪಾಸ್‌ಬುಕ್ಕು ಎಟಿಎಂ ಕಾರ್ಡು ಎರಡೂ ಮಗನ ಮನೇಲಿ! ಪೋಸ್ಟಾಫೀಸಲ್ಲಿ ಹೊಸ ಅಕೌಂಟ್ ಮಾಡ್ಸಿ ಅಂದೆ, ಹೂವಿನಾಕೆನೇ ಕರ್ಕೊಂಡು ಹೋದ್ರು.

ರೂಮಿಗೆ ಬಂದು ಎಂಟನೇ ದಿನಕ್ಕೆ ಅಜ್ಜಿ ತಾವಾಗೇ ಫೋನ್ ಮಾಡ್ಸಿ "ಆ ಕಾಗ್ದ ತಗಬಾ" ಅಂದ್ರು. ಮೊದಲ ಹಿಯರಿಂಗ್‌ಗೆ ಮಗ ಬರ್ಲಿಲ್ಲ. ಎರಡನೇದು ಮುಂದಿನ ತಿಂಗಳು.