ಸಂಪಾಜೆ ಘಾಟಿ ಬಂದ್: ಇ-ವೇ ಬಿಲ್ ಅವಧಿ ಮುಗಿದರೆ?

ಕಾಳುಮೆಣಸು ಹೊತ್ತು ಮಂಗಳೂರಿಗೆ ಹೊರಟ ನಿಮ್ಮ ಲಾರಿ, ದಾರಿಯ ಸಂಪಾಜೆ ಘಾಟಿ ಬಂದ್ ಆಗಿ ಮಡಿಕೇರಿಯಲ್ಲೇ ನಿಂತಿದೆಯಾ? ತೊಡಕು ಲೋಡಿನದ್ದಲ್ಲ, ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನ್‌ನಲ್ಲಿ ಮಾಡಿಸುವ ದಾಖಲೆ) ಅವಧಿಯದ್ದು. 200 ಕಿಲೋಮೀಟರಿಗೆ ಸಿಗುವುದು ಒಂದೇ ದಿನ. ಮಳೆಗೆ ಘಾಟಿಯಲ್ಲಿ ದೊಡ್ಡ ಗಾಡಿ ತಡೆದರೆ ಅದು ಸುಮ್ನೆ ಮುಗಿದುಹೋಗುತ್ತದೆ.

ಮೊದಲು ಅವಧಿ ಮುಗಿದ ಸಮಯ ನೋಡಿ. ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ ಮೇಲೆ 8 ಗಂಟೆಯವರೆಗೆ ಇ-ವೇ ಬಿಲ್ ಪೋರ್ಟಲ್‌ನಲ್ಲಿ ವಿಸ್ತರಿಸಬಹುದು. ಬಿಲ್ಲನ್ನು ಟ್ರಾನ್ಸ್‌ಪೋರ್ಟರ್ ಹೆಸರಿಗೆ ಹಾಕಿದ್ದರೆ ಅವರೇ ಮಾಡಬೇಕು, ನಿಮ್ಮ ಲಾಗಿನ್‌ನಲ್ಲಿ ಆಗುವುದಿಲ್ಲ. ನಾನು ಅರ್ಧ ರಾತ್ರಿ ಕಳೆದದ್ದು ಇಲ್ಲೇ! ಆಮೇಲೆ ಲಾರಿ ಈಗಿರುವ ಜಾಗದ ಪಿನ್‌ಕೋಡ್, ಗಾಡಿ ನಂಬರ್, ಉಳಿದ ದೂರ, ಕಾರಣ ತುಂಬಿ.

8 ಗಂಟೆ ದಾಟಿದೆಯಾ? ಹಾಗಾದರೆ ಗಾಡಿ ಎತ್ತಬೇಡಿ, ನಿಮ್ಮ ಜಿಎಸ್‌ಟಿ ಲೆಕ್ಕ ನೋಡುವವರಿಗೆ ಫೋನ್ ಮಾಡಿ. ಸಂಚಾರ ನಿಷೇಧದ ಆದೇಶದ ಪ್ರತಿ ಡ್ರೈವರ್ ಕೈಯಲ್ಲಿರಲಿ. ತಪಾಸಣೆಯವರು ಒಪ್ಪಿಯೇ ಒಪ್ಪುತ್ತಾರೆ ಅನ್ನಲಾರೆ, ಆದರೆ ಬರಿಗೈಗಿಂತ ವಾಸಿ.